ಮೂರು ತಾಸಿನ ಸಿನಿಮಾ ಹೇಳದೆ ಬಿಟ್ಟದ್ದು

ನವೆಂಬರ್ ೧೪, ಶುಕ್ರವಾರ

ದೊಡ್ಡ ನಿರ್ದೇಶಕರು, ಒಳಿತು-ಕೆಡುಕಿನ ಸಿನಿಮಾ ಮಾಡಿದ್ದಾರೆ, ನನಗೊಂದು ಉತ್ತರ ಸಿಕ್ಕೀತೆಂದು ಬೈಲಹೊಂಗಲಕ್ಕೆ ಹೋದೆ. ಮೂರು ತಾಸು ಒಳ್ಳೆಯವನು ಉಪದೇಶ ಮಾಡಿದ, ಕೆಟ್ಟವನು ಗಹಗಹಿಸಿದ.

“ಮಾವಾರ, ನಮ್ಮ ದೊಡವಾಡದ ದೊಡ್ಡಾಟದ ರಕ್ಕಸನ ಚಲೋ. ಅಂವಾ ಕುಣಿಯೂದರ ಕುಣಿತಾನ!” ಎಂದ ಬಸ್ಸಿನಲ್ಲಿ ಅಳಿಯ ಮಡಿವಾಳೆಪ್ಪ.

ನಗು ಬರಲಿಲ್ಲ. ಕಾಲೇಜಿನಲ್ಲಿ ‘ಮಾರಲ್ ಡಿಲೆಮಾ’, ಧರ್ಮಸಂಕಟ ಅಂತೇನೋ ಓದಿದ್ದೆ, ಮುಂದಿನದು ಮರೆತಿದೆ. ಕ್ಯಾನ್ಸರ್ ಎಂದು ಗೊತ್ತಿದ್ದೂ ಹೆಂಡತಿ ತಂಗೆವ್ವನಿಗೆ, “ಬರೇ ಅಸಿಡಿಟಿ. ಆರಾಮಾದ ಮ್ಯಾಲ ಯಲ್ಲಮ್ಮನ ಗುಡ್ಡಕ್ಕ ಹೋಗೂಣು” ಎಂದಿದ್ದೆ. ಕಾದಳು, ಗುಡ್ಡ ಕಾಣದೆ ಹೋದಳು. ಅದು ಕರುಣೆಯೋ, ಮೋಸವೋ? ಯಾರನ್ನು ಕೇಳಲಿ?

ಕೊನೆಯ ವಾರ ನನ್ನ ಮುಖ ನೋಡಿ, “ಗುಡ್ಡೇನ ಓಡಿ ಹೋಗತೈತೇನ್ರಿ?” ಎಂದಳು. ಎಲ್ಲ ತಿಳಿದೇ ಅಂದಳೋ, ಅಥವಾ... ಕರೆಂಟಿಲ್ಲ, ಚಾರ್ಜರ್ ಲೈಟೂ ಮಂಕಾಗುತ್ತಿದೆ. ಬರೆದದ್ದು ಕಾಣಿಸುತ್ತಿಲ್ಲ.