ಸೊಪ್ಪು ಹೆಚ್ಚುವ ಮಚ್ಚು

ಅಶ್ವಥ್,

ಚಿಕ್ಕಮ್ಮನ ಆಪರೇಷನ್ನಿಗೆ ಮಾಗಡಿಗೆ ಹೊರಟಿದ್ದೇನೆ, ನಾಳೆ ಬರುತ್ತೇನೆ. ರೇಷ್ಮೆಹುಳ ಪೊರೆ ಬಿಡುವ ಜ್ವರಕ್ಕೆ ಕೂತು ನಿದ್ದೆಯಲ್ಲಿವೆ, ಸೊಪ್ಪು ಹಾಕಬೇಡ.

ರಾತ್ರಿ ನಿಮ್ಮಪ್ಪ ಮತ್ತೆ ನಿದ್ದೆಗಣ್ಣಲ್ಲೇ ಎದ್ದು ಹೋಗಿ, ಹುಳದ ಮನೆಯ ಕತ್ತಲಲ್ಲಿ ಸೊಪ್ಪು ಹೆಚ್ಚುತ್ತಿದ್ದರು. ಕಣ್ಣು ಬಿಟ್ಟಿದ್ದರೂ ಎದುರಿಗಿದ್ದ ನಾನು ಕಾಣಲಿಲ್ಲ. "ಏನ್ರೀ ಇದು?" ಅಂದರೆ, "ಹುಳ ಹಸ್ಕಂಡವೆ, ಬುಡು ಕಣಮ್ಮಿ" ಅಂದರು. ಮಚ್ಚು ಬೆರಳಿನ ಪಕ್ಕದಲ್ಲೇ ಬೀಳುತ್ತಿತ್ತು.

ಇವತ್ತು ಅವರ ಪಕ್ಕದಲ್ಲೇ ಮಲಗು. ಮೊಬೈಲ್ ಹಿಡಿದು ಮೈಮರೆಯಬೇಡ. ಎದ್ದರೆ ಕೂಗಬೇಡ, ಮೈ ಅಲ್ಲಾಡಿಸಬೇಡ. "ಹುಳ ತಿಂದವೆ, ಬಾರಪ್ಪ" ಅಂತ ಮೆಲ್ಲಗೆ ಹಾಸಿಗೆಗೆ ಕರೆದುಕೊಂಡು ಬಾ. ದೆವ್ವ ಗಿವ್ವ ಅನ್ನಬೇಡ. ಸೋಮವಾರ ಡಾಕ್ಟರಿಗೆ ತೋರಿಸೋಣ.

ಮಚ್ಚು ಹುಡುಕಬೇಡ. ಮನೆಯಲ್ಲಿ ಎಲ್ಲಿ ಬಚ್ಚಿಟ್ಟರೂ ಅವರ ಕೈಗೆ ಸಿಗುತ್ತದೆಂದು ಸೀರೆಯಲ್ಲಿ ಸುತ್ತಿ, ಬ್ಯಾಗಿನಲ್ಲಿಟ್ಟುಕೊಂಡು ಬಸ್ಸಿಗೆ ಹೋಗುತ್ತಿದ್ದೇನೆ.

ಅಮ್ಮ