ಟ್ಯಾಂಕರ್ ಒಡೆದ ಮೆಟ್ಟಿಲು

ಮನೆ, ಮುಂಬಾಗಿಲ ಹತ್ತಿರ
ಭಾನುವಾರ, ಮಧ್ಯಾಹ್ನ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಮಂಡಿನೋವು ಹೇಗಿದೆ? ಎಣ್ಣೆ ತಿಕ್ಕಲು ನಾದಿನಿಗೆ ಪುರುಸೊತ್ತು ಸಿಗುತ್ತದೋ ಇಲ್ಲವೋ? ನೀವಾಗಿ ಬಾಯಿಬಿಟ್ಟು ಕೇಳುವವರಲ್ಲ, ಅದಕ್ಕೇ ವಿಚಾರಿಸಿದೆ. ನಾನು ಗಟ್ಟಿಮುಟ್ಟಾಗಿದ್ದೇನೆ. ಮನೆ ಮಾತ್ರ ಸ್ವಲ್ಪ ಪೆಟ್ಟು ತಿಂದಿದೆ. ಗಾಬರಿಯಾಗಬೇಡಿ, ಪೂರ್ತಿ ಓದಿ.

ಹೋದ ವಾರ ನೀರಿನ ಟ್ಯಾಂಕರ್ ಬಂದಿತ್ತು. ಹಿಂದಕ್ಕೆ ಬರುವಾಗ ಡ್ರೈವರನಿಗೆ "ಬರ್ಲಿ, ಬರ್ಲಿ" ಅಂತ ಕೈ ತೋರಿಸುತ್ತಿದ್ದವಳು ನಾನೇ. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಊಟ ಆಯ್ತಾ, ಎಷ್ಟು ಮಕ್ಕಳು, ಹೆಂಡತಿ ಯಾವ ಕಡೆಯವಳು ಅಂತ ಶುರುಹಚ್ಚಿಕೊಂಡೆ. ಏನು ಮಾಡಲಿ, ನಿಮ್ಮ ಮಗ ತೀರಿಹೋಗಿ, ಹಿಂದೆಯೇ ನೀವೂ ಮಗಳ ಮನೆಗೆ ಹೊರಟಮೇಲೆ ಮನುಷ್ಯರ ಮುಖ ಕಂಡರೆ ಸಾಕು, ಬಾಯಿ ನಿಲ್ಲುವುದಿಲ್ಲ. ಪಾಪ, ಅವನೂ ಕಿಟಕಿಯಿಂದ ತಲೆ ಹಾಕಿ ಉತ್ತರ ಹೇಳುತ್ತಲೇ ಬಂದ. ಧಡ್ ಅಂತ ಸದ್ದಾಯಿತು. ಬಾಗಿಲ ಮುಂದಿನ ಮೇಲಿನ ಮೆಟ್ಟಿಲು, ಸಂಜೆ ನೀವು ಕೂತು ಮಗನ ದಾರಿ ಕಾಯುತ್ತಿದ್ದ ಕಲ್ಲು, ಎರಡು ಹೋಳಾಯಿತು. ಅವನು ಬೆವತುಹೋದ. ನಾನೇ ನೀರು ಕೊಟ್ಟು ಸಮಾಧಾನ ಮಾಡಿ ಕಳಿಸಿದೆ. ಆಮೇಲೆ ಆ ಹೋಳುಗಳ ಪಕ್ಕ ಕೂತು ಗೊಳೋ ಅಂತ ಅತ್ತುಬಿಟ್ಟೆ.

ಕಲ್ಲುಕೆಲಸದ ಮೇಸ್ತ್ರಿ ಬಂದ. ಮಹಾ ಗೊಣಗುವ ಮನುಷ್ಯ. "ಈಗ ಯಾರಮ್ಮಾ ಇಂಥ ಕಲ್ಲು ಇಟ್ಕೋತಾರೆ? ಕಿತ್ತಾಕಿ ಟೈಲ್ಸ್ ಹಾಕಿಸಿ" ಅಂದ. ನಾನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಹಾಗಾದರೆ ಹೋಳುಗಳನ್ನೇ ತಿರುವಿ ಹಾಕೋಣ, ಅಡಿಭಾಗ ಸವೆದಿರಲ್ಲ ಅಂತ ಹಾರೆ ಹಾಕಿ ಎಬ್ಬಿಸಿದ. ನೋಡಿದರೆ ಅಡಿಯಲ್ಲೂ ಕಾಲು ತುಳಿದು ಸವೆದ ತಗ್ಗು! ಯಾವ ಕಾಲದಲ್ಲೋ ಒಮ್ಮೆ ಯಾರೋ ತಿರುವಿಯೇ ಹಾಕಿದ್ದಾರೆ. ಮೇಲಿನದು ನಮ್ಮ ತಗ್ಗು, ಕೆಳಗಿನದು ನಾವು ಮುಖವನ್ನೇ ನೋಡದವರದು. ಎಷ್ಟೊಂದು ಜನ ಓಡಾಡಿದ ಮನೆ ಅತ್ತೆ! ಈಗ ಒಳಗೂ ನಾನೇ, ಹೊರಗೂ ನಾನೇ. ಒಬ್ಬಳಿಗೇ ಅನ್ನಕ್ಕಿಡಲು ಬೇಜಾರಾಗುತ್ತದೆ.

"ಈ ಎತ್ತರದ ಮೆಟ್ಲು ನನ್ ಕೈಲಿ ಹತ್ತಕ್ಕಾಗಲ್ಲ ಕಣೇ, ಮಗಳ ಮನೇಲೇ ಇರ್ತೀನಿ" ಅಂದು ನೀವು ಹೊರಟಾಗ ನಾನು ಸುಮ್ಮನೆ ತಲೆಯಾಡಿಸಿದ್ದೆ. ಬೇಡ, ಇರಿ ಅನ್ನಬೇಕಿತ್ತು. ಜಗತ್ತಿಗೆಲ್ಲ ಮಾತಾಡುವ ನನಗೆ ಅವತ್ತು ಬಾಯೇ ಬರಲಿಲ್ಲ.

ನಾದಿನಿಗೂ ಮಕ್ಕಳಿಗೂ ನಾನು ಕೇಳಿದೆನೆಂದು ಹೇಳಿ. ನಿಮ್ಮ ಕೈ ನನ್ನ ತಲೆಯ ಮೇಲಿರಲಿ.

ನಿಮ್ಮ ಬಾಯಿಬಡುಕಿ ಸೊಸೆ

ಮರೆತಿದ್ದೆ: ಎರಡು ಎತ್ತರದ ಮೆಟ್ಟಿಲಿದ್ದ ಕಡೆ ಈಗ ನಾಲ್ಕು ಗಿಡ್ಡ ಮೆಟ್ಟಿಲಿವೆ. ಒಡೆದ ಕಲ್ಲನ್ನೇ ಸೀಳಿಸಿ ಹಾಕಿಸಿದೆ, ನೀವು ಕೂರುತ್ತಿದ್ದ ತಗ್ಗು ಹಾಗೇ ಇದೆ. ಹಿಡಿದುಕೊಳ್ಳಲು ಪಕ್ಕದಲ್ಲಿ ಕಂಬಿ ಹಾಕಿಸಿದ್ದೇನೆ. ನೀವು ಬಿಟ್ಟುಹೋದ ಹಳೇ ಊರುಗೋಲು ಹಿಡಿದು, ನಿಮ್ಮ ಹಾಗೇ ಕುಂಟುತ್ತ ಹತ್ತಿ ನೋಡಿದೆ. ಸಲೀಸು. ಇನ್ನು ಮೆಟ್ಟಿಲಿನ ಮಾತು ಬೇಡ. ಬರದಿರಲು ಬೇರೆ ಕಾರಣವಿದ್ದರೆ ಬೇಗ ಹೇಳಿ ಅತ್ತೆ, ಮೇಸ್ತ್ರಿ ಇನ್ನೂ ಸಾಮಾನು ಕಟ್ಟಿಲ್ಲ.