ದಾಸವಾಳದ ಬೇಲಿ, ಶನಿವಾರದ ಹಿಟ್ಟು

೧೯೨೬ ಜನವರಿ ೧೮, ಸೋಮವಾರ. ತರೀಕೆರೆ.

ಬೆಳಿಗ್ಗೆ ಎಂದಿನಂತೆ ಬೇಲಿಗೆ ನೀರು. ಎಲೆ ಮುಟ್ಟಿದರೆ ಕೈಗೆ ಅಂಟು, ಬೆಲ್ಲದ ಪಾಕ ಚೆಲ್ಲಿದ ಹಾಗೆ. ಅದರ ಮೇಲೆ ಮಸಿ. ಕೆಳಗಿನ ರೆಂಬೆಗಳಲ್ಲಿ ಎಲೆಯೇ ಇಲ್ಲ. ಸಂದಿನಿಂದ ಪೇಟೆ ಬೀದಿಯ ಬಂಡಿ ಕಾಣಿಸಿತು. ಬಂಡಿಯವನಿಗೆ ನಾನೂ ಕಂಡೆ — ಹಲ್ಲು ಕಿರಿದ.

ಬರೀ ಬೇಲಿಯಾಗಿದ್ದರೆ ಒಣಗಿ ಹೋಗಲಿ ಎನ್ನುತ್ತಿದ್ದೆ. ಈ ಹೆಣ್ಣುಮಕ್ಕಳ ಸ್ಕೂಲು ನಿಂತಿರುವುದೇ ಈ ದಾಸವಾಳದ ಮರೆಯಲ್ಲಿ. ಊರಿಗೆ ಬಂದ ವರ್ಷ ಮನೆಮನೆಗೆ ಹೋಗಿ ಮಕ್ಕಳನ್ನು ಕೇಳಿದೆ. ಎಲ್ಲರದೂ ಒಂದೇ ಮಾತು: ಬೀದಿಗೆ ಕಾಣುವ ಅಂಗಳಕ್ಕೆ ಮಗಳನ್ನು ಕಳಿಸುವುದಿಲ್ಲ. ಗೋಡೆ ಕಟ್ಟಿಸಿ ಎಂದು ಸರ್ಕಾರಕ್ಕೆ ಬರೆದೆ, ಉತ್ತರವೇ ಇಲ್ಲ. ನಾನೇ ಕಡ್ಡಿ ನೆಟ್ಟೆ. ಆಳೆತ್ತರವಾದ ಮೇಲೆ ಮಕ್ಕಳು ಬಂದರು. ಮರೆ ಹೋದರೆ ಮಕ್ಕಳು ಹೋಗುತ್ತಾರೆ. ಮಕ್ಕಳು ಹೋದರೆ ಸ್ಕೂಲು. ಸ್ಕೂಲು ಹೋದರೆ ನಾನು ಹಿರೇನಲ್ಲೂರಿಗೆ, ಅತ್ತೆಯ ಅಡುಗೆಮನೆಗೆ. ಗಂಡ ಸತ್ತಾಗ ತಲೆ ಬೋಳಿಸಲು ಬಿಡದೆ ಮೈಸೂರಿಗೆ ಟ್ರೈನಿಂಗ್‌ಗೆ ಓಡಿದವಳು ನಾನು. ಅಲ್ಲಿಗೆ ಮತ್ತೆ ಹೋಗುವುದಿಲ್ಲ.

ಜನವರಿ ೨೦, ಬುಧವಾರ

ರೆಂಬೆಯ ಮೇಲೆ ಕಂದು ಗಂಟುಗಳು. ತೊಗಟೆಯೇ ಅಂದುಕೊಂಡಿದ್ದೆ. ಉಗುರಿನಿಂದ ಕಿತ್ತರೆ ಚಿಪ್ಪು, ಒತ್ತಿದರೆ ಹಳದಿ ನೀರು. ಹುಳ! ಕೂತಲ್ಲೇ ಕೂತು ರಸ ಹೀರುತ್ತದೆ, ಅಲುಗುವುದಿಲ್ಲ. ಚಿಪ್ಪಿನಡಿ ಧೂಳಿನಷ್ಟು ಸಣ್ಣ ಮರಿಗಳು. ಅವು ಮಾತ್ರ ಹರಿದಾಡುತ್ತವೆ.

ಕೆಂಚಮ್ಮನಿಗೆ ತೋರಿಸಿದೆ. ಮಕ್ಕಳನ್ನು ಮನೆಯಿಂದ ಕರೆತರುವ ಆಯಾ ಅವಳು.

“ದೃಷ್ಟಿ ಕಣ್ರವ್ವಾ. ನಿಂಬೆಹಣ್ಣು ಮೆಣಸಿನಕಾಯಿ ಕಟ್‌ಬಿಡಾನ.”

“ದೃಷ್ಟಿಗೆ ಕಾಲಿರ್ತವೇನೇ? ಮರಿ ಓಡಾಡ್ತಿದಾವೆ ನೋಡು.”

ನೋಡಿದಳು. ಆದರೂ ಕಟ್ಟಿದಳು. ನಿಂಬೆಹಣ್ಣು: ನಪಾಸು. ಇನ್ನು ಊರಿನವರು ಹೇಳುವ ಮದ್ದಿಗೆಲ್ಲ ಹೀಗೇ ಪರೀಕ್ಷೆ ಇಡುತ್ತೇನೆ.

ಜನವರಿ ೨೩, ಶನಿವಾರ

ಕಮಿಟಿಯ ಪ್ರೆಸಿಡೆಂಟ್ ನಂಜುಂಡಪ್ಪನವರು ವಾರದ ಪದ್ಧತಿಯಂತೆ ಬಂದರು. ತೆಂಗಿನ ತೋಟದವರು, ಸ್ಕೂಲಿನ ಮನೆಯೂ ಅವರದೇ. ಕೈಯಲ್ಲಿ ಹಿತ್ತಾಳೆ ಪಾತ್ರೆ, ಅದರಲ್ಲಿ ಅಕ್ಕಿಹಿಟ್ಟು ಮತ್ತು ಬೆಲ್ಲದ ಪುಡಿ. ಬೇಲಿಯ ಬುಡದುದ್ದಕ್ಕೂ ಇರುವೆಗೂಡಿಗೆ ಹಾಕಿ ಕೈಮುಗಿದರು. ಹೆಂಡತಿ ಜಯಲಕ್ಷ್ಮಮ್ಮನಿಗೆ ಏಳರಾಟದ ಶನಿಯಂತೆ. ಅವರು ಹಾಸಿಗೆ ಹಿಡಿದು ಎಷ್ಟೋ ತಿಂಗಳಾಯಿತು. ಹೆಣ್ಣುಮಕ್ಕಳು ನಡೆದಾಡುವ ನೆಲದಲ್ಲಿ ಇರುವೆಗೆ ಉಣ್ಣಿಸಿ ಎಂದು ಜೋಯಿಸರು ಹೇಳಿದ್ದಾರೆ. ಒಂದು ಶನಿವಾರವೂ ತಪ್ಪಿಸಿಲ್ಲ. ಕೆಟ್ಟ ಮನುಷ್ಯನಲ್ಲ.

“ಬೇಲಿಗೆ ಬೂದಿ ಎರಚಿ ಮೇಷ್ಟ್ರಮ್ಮ, ಎಲ್ಲಾ ಹೋಗ್ತದೆ,” ಎಂದು ಹೇಳಿ ಹೋದರು.

ಎರಚಿದೆ. ಚಿಪ್ಪಿನೊಳಗೆ ಕೂತವಳಿಗೆ ಬೂದಿಯೇನು, ಮಳೆಯೇನು.

ಜನವರಿ ೨೯

ಬೂದಿ: ನಪಾಸು. ನಾನೂ ಕೆಂಚಮ್ಮನೂ ಕೆಮ್ಮಿದ್ದಷ್ಟೇ ಲಾಭ.

ಹೊಗೆಸೊಪ್ಪಿನ ಅಂಗಡಿ ದಾವೂದ್ ಸಾಬರು ಕಡ್ಡಿಯ ಕಟ್ಟನ್ನೇ ಕಳಿಸಿದ್ದರು. ಅವರ ಮಗಳು ಅಖ್ತರ್ ನಮ್ಮ ಮೂರನೇ ಕ್ಲಾಸು. “ಕುದಿಸಿ ಹೊಡೀರಿ. ಹುಳ ಏನು, ಹುಳದಪ್ಪನೂ ಸಾಯ್ತಾನೆ.” ಕುದಿಸಿದೆ, ಸೋಸಿದೆ, ಪೊರಕೆಯಿಂದ ಎರಚಿದೆ. ಮರಿಗಳು ಸತ್ತವು. ಹುಳದಮ್ಮ ಮಾತ್ರ ಚಿಪ್ಪಿನಡಿ ಕ್ಷೇಮ. ಹೊಗೆಸೊಪ್ಪು: ಅರ್ಧ ಪಾಸು.

ಫೆಬ್ರವರಿ ೩

ಸೀಮೆಎಣ್ಣೆ. ಹಾಗೇ ಬಳಿದೆ, ನೀರು ಬೆರೆಸದೆ. ಯಾಕೆ ಬೆರೆಸಲಿಲ್ಲ? ಕೋಪ. ಬಿಸಿಲೇರುವ ಹೊತ್ತಿಗೆ ಗೇಟಿನ ಪಕ್ಕದ ಗಿಡಗಳ ಎಲೆ ಸುಟ್ಟು ಸುರುಟಿಕೊಂಡವು. ಹುಳ ಸತ್ತಿತು, ಗಿಡವೂ ಹೋಯಿತು. ಸೀಮೆಎಣ್ಣೆ ನಪಾಸು, ಬಳಿದ ಕಾಮಾಕ್ಷಮ್ಮ ಮೇಷ್ಟ್ರಮ್ಮನೂ ನಪಾಸು.

ಫೆಬ್ರವರಿ ೬, ಶನಿವಾರ

ಅಂಗಡಿ ದೇವೀರಪ್ಪ ಇಬ್ಬರು ಹೆಣ್ಣುಮಕ್ಕಳನ್ನೂ ಬಿಡಿಸಿಬಿಟ್ಟ. ಮೇಷ್ಟ್ರಮ್ಮನ ಹಣೆ ಬರಿದು, ಅದಕ್ಕೇ ಗಿಡವೂ ಬರಿದಾಯಿತು ಎಂದನಂತೆ. ಅಖ್ತರಳ ತಾಯಿ ಖುರ್ಷಿದ್ ಬೇಗಂ ಕೂಡ ಹೇಳಿಕಳಿಸಿದ್ದಾರೆ: ಮರೆ ಇದ್ದರೆ ಮಗಳು, ಇಲ್ಲದಿದ್ದರೆ ಇಲ್ಲ.

ನಂಜುಂಡಪ್ಪನವರು ಹಿಟ್ಟು ಹಾಕುತ್ತಲೇ ಸುಟ್ಟ ಗಿಡ ನೋಡಿದರು. “ಕಿತ್ತು ಒಗೆಯೋದೇ ವಾಸಿ ಕಣ್ರಮ್ಮ. ಸ್ಕೂಲಿನ ವಿಚಾರ ಆಮೇಲೆ ನೋಡಾನ.” ಆಮೇಲೆ ಎಂದರೆ ಏನೆಂದು ನನಗೆ ಗೊತ್ತು.

ಫೆಬ್ರವರಿ ೧೦

ಈ ಸಲ ಕೋಪವಿಲ್ಲದೆ. ಬಟ್ಟೆ ಸೋಪು ಹೆರೆದು ಬಿಸಿನೀರಿನಲ್ಲಿ ಕರಗಿಸಿ, ಒಲೆಯಿಂದ ದೂರ ತಂದು, ಸೀಮೆಎಣ್ಣೆ ಹೊಯ್ದು ಕಡಗೋಲಿನಿಂದ ಕಡೆದೆ. ಬೆಣ್ಣೆಯ ಹಾಗೆ ಬಂತು. ಬಹಳ ನೀರಿಗೆ ಸ್ವಲ್ಪ ಬೆರೆಸಿ, ಬಿಸಿಲು ಇಳಿದ ಮೇಲೆ ಬೀದಿಯ ಕಡೆಯ ಗಿಡಗಳಿಗೆ ಹೊಡೆದೆ. ಎಲೆ ಸುಡಲಿಲ್ಲ. ಬಾವಿಯ ಕಡೆಯ ಗಿಡಗಳಿಗೆ ಗಟ್ಟಿ ಗಂಜಿ ಬಳಿದೆ — ಒಣಗಿ ಸಿಪ್ಪೆಯಾಗಿ ಎದ್ದಿತು, ಜೊತೆಗೆ ಚಿಪ್ಪುಗಳೂ ಕಿತ್ತು ಬಂದವು. ಎರಡೂ ಪಾಸು! ಕೆಂಚಮ್ಮನಿಗೆ ಕಡಗೋಲು ಹಾಳಾಯಿತೆಂಬ ದುಃಖ. ನನಗಿಲ್ಲ.

ಫೆಬ್ರವರಿ ೧೫, ಸೋಮವಾರ

ಬಾವಿಯ ಕಡೆ ಹಾಗೇ ಶುದ್ಧ. ಬೀದಿಯ ಕಡೆ ಮತ್ತೆ ಮರಿಗಳು, ಮೊದಲಿನದಕ್ಕಿಂತ ಹೆಚ್ಚು. ಯಾಕೆ? ಬಾವಿಯ ಕಡೆ ಬರೀ ಗಂಜಿ, ಸೋಪನ್ನೂ ಹೊಡೆದಿರಲಿಲ್ಲ.

ಮಕ್ಕಳಿಗೆ ಕಾಪಿ ಬರೆಯಲು ಕೊಟ್ಟು ಬೇಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಇರುವೆಗಳು ಸಾಲಾಗಿ ಹತ್ತುತ್ತಿದ್ದವು. ಒಂದು ಇರುವೆ ಚಿಪ್ಪನ್ನು ಮೀಸೆಯಿಂದ ತಟ್ಟಿತು. ಹುಳ ಒಂದು ಹನಿ ಬಿಟ್ಟಿತು, ಇರುವೆ ಕುಡಿಯಿತು. ಆಮೇಲೆ ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆಯ ಗುಲಗಂಜಿ ಹುಳವೊಂದು ಬಂದು ಚಿಪ್ಪು ತಿನ್ನಲು ಬಾಯಿ ಹಾಕಿತು. ಇರುವೆಗಳು ಮುತ್ತಿ ಕಚ್ಚಿ ಕೆಳಗೆ ಕೆಡವಿದವು. ದನ ಕಾಯುವವರು ನಾಯಿ ಓಡಿಸುವ ಹಾಗೆ.

ಬಾವಿಯ ಕಡೆ ನೆಲ ಸದಾ ಒದ್ದೆ, ಅಲ್ಲಿ ಇರುವೆಗೂಡಿಲ್ಲ. ಬೀದಿಯ ಕಡೆ ಬುಡಕ್ಕೊಂದು ಗೂಡು, ವಾರವಾರ ಹಿಟ್ಟು ಬೆಲ್ಲ. ಊಟ ಕೊಟ್ಟು ಕಾವಲು ಸಾಕಿದ್ದೇವೆ! ನಗು ಬಂತು. ನಂಜುಂಡಪ್ಪನವರಿಗೆ ಇದನ್ನು ಹೇಳಬೇಕು ಎಂದು ನೆನೆದಾಗ ನಗು ನಿಂತಿತು.

ಫೆಬ್ರವರಿ ೧೬

ಹೇಳಿದೆ. ಅವರ ಮನೆಯ ಜಗಲಿಯಲ್ಲಿ ನಿಂತೇ.

“ಹಿಟ್ಟು ಹಾಕಬೇಡಿ ಅನ್ನೋದಿಲ್ಲ. ಕೆರೆ ಏರಿ ಮೇಲೆ ಹಾಕಿ. ಅಲ್ಲೂ ಇರುವೆಗಳಿವೆ.”

“ಜೋಯಿಸ್ರು ಹೇಳಿದ ಜಾಗ ಬುಟ್ಟು?”

“ಆ ಜಾಗದಲ್ಲಿ ಹೆಣ್ಣುಮಕ್ಕಳು ನಡೆದಾಡಬೇಕು ಅಂದ್ರೆ ಬೇಲಿ ಇರಬೇಕು ನಂಜುಂಡಪ್ಪನವರೇ. ಬೇಲಿ ಹೋದ್ರೆ ಯಾವ ಹೆಣ್ಣುಮಕ್ಕಳು?”

“ಅವಳು ಒಳಗೆ ಉಸ್ರು ಎಳೀತಾ ಮಲಗವ್ಳೆ. ನೀವು ಹುಳದ ಲೆಕ್ಕ ಹೇಳ್ತಿದೀರಾ?” ಒಳಬಾಗಿಲ ಕಡೆ ಕೈ ತೋರಿಸಿದರು. “ಶನಿವಾರ ಬತ್ತೀನಿ. ಸೋಮವಾರ ಆಳು ಕಳಿಸ್ತೀನಿ, ಬುಡಸಮೇತ ಕೀಳ್ಲಿ. ಬೇಲಿ ಇದ್ರೆ ತಾನೇ ನಿಮ್ಮ ತಕರಾರು.”

ಒಳಗಿನಿಂದ ಕೆಮ್ಮು ಕೇಳಿಸುತ್ತಿತ್ತು. ಸಂಕಟವಾಯಿತು. ಆದರೂ ನನ್ನ ಮಾತು ಸರಿ.

ಫೆಬ್ರವರಿ ೧೯, ಶುಕ್ರವಾರ

ಬೇರು ಕಿತ್ತರೆ ಮುಗಿಯಿತು. ಬೇರಿದ್ದರೆ ಮತ್ತೆ ಬರುತ್ತದೆ. ಹಾಗಾದರೆ ಅವರ ಆಳು ಬರುವ ಮೊದಲೇ ನಾನು ಕತ್ತರಿಸಬೇಕು, ಮೊಣಕಾಲಿನ ಮಟ್ಟಕ್ಕೆ. ಹುಳವೂ ರೆಂಬೆಯ ಜೊತೆ ಹೋಗುತ್ತದೆ, ಕೀಳಲು ನೆವ ಉಳಿಯುವುದಿಲ್ಲ.

ಮಕ್ಕಳು ಹೋದ ಮೇಲೆ ಕುಡುಗೋಲು ತೆಗೆದುಕೊಂಡೆ. ನಾನು ನೆಟ್ಟ ಮೊದಲ ಗಿಡಕ್ಕೆ ಕೈ ಏಳಲಿಲ್ಲ. ಅದನ್ನು ಕೊನೆಗೆ ಕಡಿದೆ. ರೆಂಬೆಗಳನ್ನೆಲ್ಲ ಅಲ್ಲೇ ಸುಟ್ಟೆವು. ಉಳಿದ ಮೋಟುಗಳನ್ನು ಸೋಪು-ಸೀಮೆಎಣ್ಣೆಯಲ್ಲಿ ಉಜ್ಜಿ, ಒಂದೊಂದಕ್ಕೂ ಹಳೆ ಬಟ್ಟೆ ಸುತ್ತಿ ಬಂಡಿಯ ಕೀಲೆಣ್ಣೆ ಮೆತ್ತಿದೆ. ಒಂದು ಇರುವೆ ಹತ್ತಿತು, ಜಿಗುಟಿಗೆ ಸಿಕ್ಕಿ ಹಿಂದೆ ಸರಿಯಿತು. ಕೀಲೆಣ್ಣೆ: ಫಸ್ಟ್ ಕ್ಲಾಸ್.

ಈಗ ಅಂಗಳ ಪೂರಾ ಬೀದಿಗೆ ಕಾಣುತ್ತದೆ. ನನ್ನ ಕೈಯಾರೆ.

ಫೆಬ್ರವರಿ ೨೦, ಶನಿವಾರ

ನಂಜುಂಡಪ್ಪನವರು ಪಾತ್ರೆ ಹಿಡಿದು ಬಂದರು. ಮೋಟುಗಳನ್ನು ನೋಡಿ ಗೇಟಿನತ್ತ ನಡೆದರು. ನಾನು ಗೇಟಿಗೆ ಅಡ್ಡ ನಿಂತೆ.

“ಮನೆ ನಂದು ಮೇಷ್ಟ್ರಮ್ಮ.”

“ಮನೆ ನಿಮ್ಮದು. ಬೇಲಿ ನಾನು ನೆಟ್ಟದ್ದು. ಹಿಟ್ಟು ಒಳಗೆ ಬರೋದಿಲ್ಲ. ಆಳೂ ಬರಕೂಡದು. ಕೀಳಬೇಕಾದ್ರೆ ಮೊದಲು ನನ್ನ ಕೀಳ್ಲಿ.”

ಬೀದಿಯಲ್ಲಿ ಜನ ನಿಂತರು. ನಂಜುಂಡಪ್ಪನವರು “ಅವಳಿಗೇನಾದ್ರೂ ಆದ್ರೆ ನಿಮ್ಮ ತಲೆ ಮೇಲೆ,” ಎಂದು ಹಿಂತಿರುಗಿದರು. ಒಳಗೆ ಬಂದು ನೀರು ಕುಡಿದೆ. ಹೆದರಿಕೆ ಆಗಿದೆ, ಆದರೆ ಗೇಟು ಬಿಡುವುದಿಲ್ಲ.

ಫೆಬ್ರವರಿ ೨೨, ಸೋಮವಾರ

ಆಳು ಬರಲಿಲ್ಲ. ಮಕ್ಕಳೂ ಬರಲಿಲ್ಲ. ಬಂದವರು ಕೆಂಚಮ್ಮನ ಮೊಮ್ಮಗಳು ಮತ್ತು ಗಾಣದವರ ಮನೆಯ ಅಕ್ಕತಂಗಿ. ಚಾಪೆಯನ್ನು ಅಂಗಳದ ನಡುವೆಯೇ ಹಾಸಿದೆ. ಬಂಡಿಗಳು ನಿಧಾನವಾದವು. ಒಬ್ಬ ಸಿಳ್ಳೆ ಹೊಡೆದ. ಮಗ್ಗಿಯನ್ನು ಇನ್ನೂ ಗಟ್ಟಿಯಾಗಿ ಹೇಳಿಸಿದೆ. ಸಿಳ್ಳೆಯವನಿಗೂ ಮಗ್ಗಿ ಬಂದರೆ ಒಳ್ಳೆಯದೇ.

ಹನ್ನೊಂದರ ಹೊತ್ತಿಗೆ ಬುರ್ಖಾ ಹಾಕಿದ ಹೆಂಗಸು, ಬಗಲಲ್ಲಿ ಬಟ್ಟೆಗಂಟು, ಹಿಂದೆ ಅಖ್ತರ್. ಖುರ್ಷಿದ್ ಬೇಗಂ! ಸ್ಕೂಲಿನೊಳಗೆ ಅವರು ಕಾಲಿಟ್ಟಿದ್ದು ಇದೇ ಮೊದಲು. ನನ್ನನ್ನು ಕರೆಯುವುದು ಉಸ್ತಾನಿ ಎಂದು, ಅವರ ಮಾತಿನಲ್ಲಿ ಮೇಷ್ಟ್ರಮ್ಮ.

“ಮರೆ ತಾನೇ ಬೇಕು ಉಸ್ತಾನಿ? ಗಿಡದ್ದೇ ಆಗ್ಬೇಕು ಅಂತ ನಾನು ಎಲ್ಲಿ ಹೇಳ್ದೆ? ಹಗ್ಗ ತಗೊಂಬನ್ನಿ.”

ಗಂಟು ಬಿಚ್ಚಿದರೆ ಮದುವೆಯ ಹಾಸುಗಳು, ದೊಡ್ಡ ಚಾದರಗಳು. ಮೂವರೂ ಸೇರಿ ಕಟ್ಟಿದೆವು. ಬೀದಿ ಮುಚ್ಚಿಹೋಯಿತು. ಕಣ್ಣಲ್ಲಿ ನೀರು ಬಂತು. ಅವರು ನೋಡಲಿಲ್ಲವೆಂದುಕೊಂಡಿದ್ದೇನೆ.

ಮಾರ್ಚ್ ೧೩

ಹಗ್ಗದ ಮೇಲೆ ಈಗ ಇಳಕಲ್ ಸೀರೆ, ಹರಿದ ಜಮಖಾನ, ಯಾರದೋ ಮನೆಯ ಬಾಗಿಲ ಪರದೆ. ದೇವೀರಪ್ಪನ ಹೆಂಡತಿಯೂ ಒಂದು ಸೀರೆ ಕಳಿಸಿದಳು, ಹಿಂದೆಯೇ ಮಕ್ಕಳನ್ನೂ. ಅವನೇನೆಂದನೋ ಕೇಳಲಿಲ್ಲ.

ಮೋಟುಗಳಲ್ಲಿ ಕೆಂಪು ಚಿಗುರು. ಮುಟ್ಟಿದರೆ ಅಂಟಿಲ್ಲ.

ನಂಜುಂಡಪ್ಪನವರು ಬರುತ್ತಿಲ್ಲ. ಜಯಲಕ್ಷ್ಮಮ್ಮನಿಗೆ ಕಾಯಿಲೆ ಜಾಸ್ತಿಯಂತೆ. ನಾನೇ ಕಾರಣವೆಂದು ಬಾವಿಕಟ್ಟೆಯಲ್ಲಿ ಮಾತು. ಊರಿನ ಬಾಯಿಗೆ ಹಚ್ಚಲು ಕೀಲೆಣ್ಣೆ ನನ್ನ ಹತ್ತಿರ ಅಷ್ಟಿಲ್ಲ. ಆದರೆ ಆ ಕೆಮ್ಮು ಮಾತ್ರ ನೆನಪಿಗೆ ಬರುತ್ತಲೇ ಇದೆ.

ಏಪ್ರಿಲ್ ೨೩, ಶುಕ್ರವಾರ

ಸೊಂಟದೆತ್ತರ. ಗುಲಗಂಜಿ ಹುಳಗಳು ನಿರ್ಭಯವಾಗಿ ಓಡಾಡಿಕೊಂಡಿವೆ. ಮೊದಲ ಗಿಡದಲ್ಲಿ ಎರಡು ಮೊಗ್ಗು. ದೊಡ್ಡದು ನಾಳೆ ಅರಳುತ್ತದೆ.

ಅದು ದೇವರಿಗಲ್ಲ, ಸ್ಕೂಲು ನೋಡಲು ಬರುವ ಇನ್‌ಸ್ಪೆಕ್ಟರಿಗಲ್ಲ. ನಾನು ಮುಡಿಯುತ್ತೇನೆ. ಒಂಬತ್ತು ವರ್ಷವಾಯಿತು ಹೂ ಮುಡಿದು. ಬೀದಿ ಪೂರಾ ನೋಡಲಿ.

ಏಪ್ರಿಲ್ ೨೪, ಶನಿವಾರ. ಬೆಳಿಗ್ಗೆ.

ಮುಡಿದೆ. ಕೆಂಚಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಬಯ್ಯಲಿಲ್ಲ, ಮುಡಿ ಸರಿಮಾಡಿದಳು.

ಇದನ್ನು ಬರೆಯುತ್ತಿರುವಾಗಲೇ ಬೀದಿಯ ತುದಿಯಲ್ಲಿ ನಂಜುಂಡಪ್ಪನವರು. ಕೈಯಲ್ಲಿ ಅದೇ ಹಿತ್ತಾಳೆ ಪಾತ್ರೆ. ಗೇಟಿಗೆ ಹೋಗುತ್ತೇನೆ.

ಅದೇ ದಿನ, ಹತ್ತು ಗಂಟೆ

ಅಡ್ಡ ನಿಂತೆ. ಅವರು ಇಳಿದುಹೋಗಿದ್ದಾರೆ, ಗಡ್ಡ ಬೆಳೆದಿದೆ. ಪಾತ್ರೆ ಖಾಲಿಯಿತ್ತು.

“ಹಿಟ್ಟು ಕೆರೆ ಏರಿ ಮೇಲೆ ಹಾಕ್ಬಂದೆ,” ಎಂದರು. “ಬೇಲಿ ಮೊಗ್ಗು ಬಿಟ್ಟದೆ ಅಂತ ಕೆಂಚಮ್ಮ ಅವಳ ಹತ್ರ ಹೇಳವ್ಳೆ. ರಾತ್ರಿಯಿಂದ ಅದನ್ನೇ ಕೇಳ್ತಾವ್ಳೆ. ಒಂದು ಹೂ...”

ಬೇಲಿಯತ್ತ ನೋಡಿದರು. ಅಲ್ಲಿ ಅರಳಿದ್ದು ಇರಲಿಲ್ಲ. ಆಮೇಲೆ ನನ್ನ ಮುಡಿ ಕಂಡಿತು.

“ಇದು ನಾನು ಮುಡಿದದ್ದು ನಂಜುಂಡಪ್ಪನವರೇ. ಮುತ್ತೈದೆಗೆ ಹೇಗೆ ಕೊಡಲಿ?”

“ಕಾಣ್ತದೆ.” ಚಾಚಿದ ಪಾತ್ರೆಯನ್ನು ಹಿಂದೆ ತೆಗೆಯಲಿಲ್ಲ. “ಅದನ್ನೇ ಕೊಡೀಮ್ಮ.”

ಕೊಟ್ಟೆ. ತಳದಲ್ಲಿ ಹಿಟ್ಟಿನ ಬಿಳಿ ಇನ್ನೂ ಅಂಟಿತ್ತು. ಪಂಚೆಯ ಸೆರಗನ್ನು ಪಾತ್ರೆಗೆ ಮರೆ ಹಿಡಿದು, ಬಿಸಿಲು ತಾಗದಂತೆ, ಬೇಗ ಬೇಗ ನಡೆದರು.

ಚಿಕ್ಕ ಮೊಗ್ಗು ಇನ್ನೂ ಇದೆ. ನಾಳೆ ಅದನ್ನು ನಾನು ಮುಡಿಯುತ್ತೇನೆ.